ಹದಿನೈದು ಮೀಟರ್ ವಯರು

ಬೆನೆಡಿಕ್ಟನ ಅಂಗಡಿ ಸರ್ವಿಸ್ ಬಸ್‌ಸ್ಟ್ಯಾಂಡಿನ ಹಿಂದೆ,
ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ಹೋಗಬೇಕು.
ಒಳಗೆ ಗೋಡೆ ತುಂಬ ಡಿಶ್‌ಗಳು,
ತೊಳೆದು ಕವುಚಿಡಲು ಮರೆತ ಪಾತ್ರೆಗಳ ಹಾಗೆ.

"ಲೋಕಣ್ಣ, ಮನೆಗಾ?"
"ಅಲ್ಲ ಮಾರಾಯ, ಗಾಡಿಗೆ."

ಗಾಡಿ ಅಂದರೆ ಮೊದಲು ಬಂಗುಡೆ ಹೊತ್ತದ್ದು,
ಮಲ್ಪೆಯಿಂದ ಐಸುನೀರು ಸುರಿಸುತ್ತ ಘಾಟಿ ಹತ್ತಿದ್ದು.
ಈಗ ಅದರೊಳಗೆ ಒಂದು ಮಂಚ, ಒಂದು ಒಲೆ,
ನಾನೇ ಹೊಲಿದ ಪರದೆ.
ಮೂರು ಸಲ ಫಿನಾಯಿಲ್ ಹಾಕಿ ತಿಕ್ಕಿದೆವು.
ಬಿಸಿಲೇರಿದರೆ ಗೋಡೆಯೊಳಗಿಂದ
ಒಂದು ಬಂಗುಡೆ ಈಗಲೂ ಮಾತಾಡುತ್ತದೆ.

ಬೆನೆಡಿಕ್ಟ್ ಮೊದಲು ತೋರಿಸಿದ್ದು
ಕವುಚಿದ ಬಿಳಿ ಬುಟ್ಟಿಯಂಥದ್ದು.
ಮಾಡಿನ ಮೇಲೆ ಕೂತು ತಾನೇ ತಿರುಗಿ
ತಾನೇ ಹುಡುಕಿಕೊಳ್ಳುತ್ತದಂತೆ, ಒಂದು ಗುಂಡಿ ಒತ್ತಿದರೆ.
ಬೆಲೆ ಹೇಳುವ ಮೊದಲು ಟೀ ತರಿಸಿದ.
ಇವರು ಲೋಟ ಕೆಳಗಿಟ್ಟರು:
"ಮಾಡಿಗೆ ತೂತು ಕೊರೆಯಬೇಕಾ?"
"ನಾಲ್ಕೇ ತೂತು."
"ದೋಣಿಯಲ್ಲಿ ನಾಲ್ಕೇ ಅಂತ ಲೆಕ್ಕ ಇಲ್ಲ."

ಆಮೇಲೆ ಕಬ್ಬಿಣದ್ದು, ಅಗ್ಗ.
ಉಗುರಿನಿಂದ ಬಣ್ಣ ಕೆರೆದು ನೋಡಿ
"ಒಂದು ಮಳೆಗಾಲ" ಎಂದರು.
ನಮ್ಮ ಉಪ್ಪುಗಾಳಿಗೆ ಹಸಿವು ಜಾಸ್ತಿ.
ಕಿಟಕಿಯ ಸರಳು ತಿಂದಿದೆ,
ನನ್ನ ಹೊಲಿಗೆ ಮಿಷನ್ನಿನ ಒಂದು ಕಾಲನ್ನೂ.

ನಾನು ಸುಮ್ಮನಿದ್ದೆ.
ಟೀವಿ ಬೇಕೆಂದವಳು ನಾನೇ.
ಕಡಲ ಬದಿಯಲ್ಲಿ ಮಲಗಲು ಹೋಗುವವರಿಗೆ
ಟೀವಿ ಎಂತದಕ್ಕೆ ಎಂದು
ದಾರಿಯುದ್ದಕ್ಕೂ ಕೇಳಿದ್ದರು ಇವರು.
ಇವರಿಗೆ ಅಲೆಯ ಸದ್ದು ಸಾಕು,
ಇಪ್ಪತ್ತೆಂಟು ವರ್ಷ, ಹತ್ತು ಹತ್ತು ದಿನ,
ಬೋಟಿನ ಇಂಜಿನ್ನಿನ ಪಕ್ಕ ಮಲಗಿ
ಅದನ್ನು ಸರಿಯಾಗಿ ಕೇಳಿಯೇ ಇಲ್ಲವಂತೆ.

ನಾನು ಕೇಳಿದ್ದೇನೆ.
ಅದೇ ಹತ್ತು ಹತ್ತು ದಿನ
ವಾರ್ತೆಯ ಕೊನೆಯ ನಕ್ಷೆಗೆ ಕಾದವಳು.
ಅರಬ್ಬೀ ಸಮುದ್ರದ ಮೇಲೊಂದು ಬಿಳಿ ಸುಳಿ,
ಇಸ್ತ್ರಿಯ ಸೀರೆಯ ಹುಡುಗಿ
ನಗುನಗುತ್ತ ಅದರ ಮೇಲೆ ಕೈಯಾಡಿಸುವಳು.
ಆಮೇಲೂ ಆರಿಸುತ್ತಿರಲಿಲ್ಲ.
ಯಾರದೋ ಮದುವೆ, ಯಾರದೋ ಅತ್ತೆಯ ಜಗಳ,
ಪಾತ್ರೆ ತಿಕ್ಕುವ ಸೋಪು;
ಆ ಗದ್ದಲದಲ್ಲಿ ಅಲೆ ಕೇಳುತ್ತಿರಲಿಲ್ಲ.
ಇದನ್ನೆಲ್ಲ ಡಿಶ್ ಅಂಗಡಿಯಲ್ಲಿ ಹೇಳುತ್ತಾರಾ?
"ಧಾರಾವಾಹಿಗೆ" ಎಂದಿದ್ದೆ.

ಕೊನೆಗೆ ಮಡಚುವ ಮೂರು ಕಾಲಿನದು,
ಅಲ್ಯೂಮಿನಿಯಂ, ಕಂಕುಳಿಗೆ ಸಾಲುವಷ್ಟು.
"ಮುಖ ಆಗ್ನೇಯಕ್ಕೆ," ಬೆನೆಡಿಕ್ಟ್ ಕೈಯೆತ್ತಿದ,
"ಹೆಚ್ಚುಕಡಿಮೆ ನೆತ್ತಿಗೇ.
ಒಂದು ತೆಂಗಿನ ಗರಿ ಅಡ್ಡ ಬಂದರೂ ಚಿತ್ರ ಇಲ್ಲ.
ನೀವು ನೆರಳಲ್ಲಿರಿ, ಇದು ಬಿಸಿಲಲ್ಲಿರಲಿ,
ನಡುವೆ ಹದಿನೈದು ಮೀಟರ್ ವಯರು.
ಜೋರು ಮಳೆಗೆ ಮಾತ್ರ ನನ್ನನ್ನು ಬೈಯಬೇಡಿ."
ಇವರು ವಯರನ್ನು ಮಾರು ಹಾಕಿ ಅಳೆದರು,
ಬಲೆಯ ಹಗ್ಗ ಅಳೆಯುವ ಹಾಗೆ.
ಎಂಟು ಮಾರು. ಸರಿ ಉಂಟು.

ಕೋಡಿ ಬೇಂಗ್ರೆ, ಮೊದಲ ಸಂಜೆ.
ಒಂದು ಬದಿ ಹೊಳೆ, ಒಂದು ಬದಿ ಕಡಲು.
ಡಿಶ್ ಕಡಲಿಗೆ ಬೆನ್ನು ಹಾಕಿ ಕೂತಿತು.
ಇವರಿಗೆ ಸರಿಬರಲಿಲ್ಲ, ಎರಡು ಸುತ್ತು ಬಂದರು.
ಗಾಳಿಗೆ ಬೀಳದಂತೆ ಅದರ ಕಾಲಿಗೆ
ನೀರಿನ ಕ್ಯಾನು ಕಟ್ಟಿದರು, ಬೋಟಿನ ಗಂಟು.
ಹಳೇ ದಿಕ್ಸೂಚಿ ಮರಳ ಮೇಲಿಟ್ಟು
ಕೂದಲೆಳೆಯಷ್ಟು ತಿರುಗಿಸುತ್ತ, ಹೊರಗಿಂದ:
"ಬಂತಾ?"
ಒಳಗಿಂದ ನಾನು: "ಇಲ್ಲ."
"ಈಗ?"
"ಇಲ್ಲ."
"ಈಗ?"

ಬಂದಿತ್ತು.
ನಕ್ಷೆಯೇ. ಕಡಲು ಖಾಲಿ ನೀಲಿ,
ಒಂದು ಸುಳಿಯೂ ಇಲ್ಲ.
ಇವರ ಸ್ವರ ಎಂಟು ಮಾರು ದೂರದಲ್ಲಿ.

"ಇಲ್ಲ" ಎಂದೆ, "ಇನ್ನೊಂದು ಚೂರು ತಿರುಗಿಸಿ."
ನಕ್ಷೆ ಚೌಕ ಚೌಕವಾಗಿ ಒಡೆದು ಹೋಯಿತು.
"ಈಗ?"